ಕ್ರಿಸ್‌ಮಸ್ ಮೇಳದಲ್ಲಿ ತಮಟೆಯವರ ಚಹಾ

ದೊಡ್ಡಬಳ್ಳಾಪುರದಲ್ಲಿ, ಇದ್ದಿಲ ಗ್ಯಾಸಿನಿಂದ ಓಡುವ ನಮ್ಮ ಬಸ್ಸು ಕೆಟ್ಟು ನಿಂತಿತು. ಪಕ್ಕದ ಬಯಲಿನಲ್ಲಿ ಯುದ್ಧನಿಧಿಗಾಗಿ ಕ್ರಿಸ್‌ಮಸ್ ಮೇಳ ನಡೆಯುತ್ತಿತ್ತು, ಒಳಗೆ ಹೋದೆ. ಸರ್ವೆ ಮರಕ್ಕೆ ಹತ್ತಿ ಅಂಟಿಸಿ ಹಿಮ ಮಾಡಿದ್ದರು. ದ್ರಾಕ್ಷಿ ಹಾಕಿದ ಕೇಕು, ಬಿಸಿ ಚಹಾ ಎರಡೂ ಸೊಗಸಾಗಿದ್ದವು. ತೂಬಗೆರೆಯ ತಮಟೆಯವರು ಬಾರಿಸತೊಡಗಿದಾಗ ಒಬ್ಬ ದೊರೆಸಾನಿ ಬೂಟು ಕಳಚಿಟ್ಟು ಕುಣಿದೇ ಕುಣಿದಳು.

ಆಟ ಮುಗಿದ ಮೇಲೆ ತಮಟೆಯವರ ಹಿರಿಯ ಮುನಿಯಪ್ಪ ಬೆವರು ಒರೆಸಿಕೊಳ್ಳುತ್ತಾ ಚಹಾದ ಮೇಜಿಗೆ ಬಂದ. ಬಡಿಸುತ್ತಿದ್ದ ಗುಮಾಸ್ತ ನಮ್ಮ ಜಾತಿಯವನೇ. ಕೈ ಅಡ್ಡ ಹಿಡಿದ.

"ಇಲ್ಲಲ್ಲಯ್ಯಾ, ಡೇರೆ ಹಿಂದಕ್ಕೆ ಹೋಗಿ. ತೆಂಗಿನ ಚಿಪ್ಪಿನಲ್ಲಿ ಹುಯ್ಯಿಸ್ತೀನಿ."

"ಬಾರಿಸೋಕೆ ಮುಂದೆ, ಕುಡಿಯೋಕೆ ಹಿಂದೇನಾ ಸ್ವಾಮಿ?" ಎಂದ ಮುನಿಯಪ್ಪ.

ನನಗೆ ಮೈಯೆಲ್ಲಾ ಉರಿದುಹೋಯಿತು. "ಏನ್ರೀ, ಈ ಬಟ್ಟಲು ನಿಮ್ಮನೇದಾ?" ಎಂದು ಗದರಿ, ಒಂದು ಬಟ್ಟಲಿಗೆ ನಾನೇ ಚಹಾ ಬಗ್ಗಿಸಿ ಮುನಿಯಪ್ಪನಿಗೆ ಚಾಚಿದೆ. ಅವನು ಮುಟ್ಟಲಿಲ್ಲ.

"ನೀವು ಕೊಡೋದು ಬೇಡ ಬುದ್ಧಿ. ಅವ್ರು ಕೊಡ್ಲಿ, ಕುಡೀತೀನಿ."

ಗುಮಾಸ್ತ ಮುಖ ತಿರುಗಿಸಿದ. ಮುನಿಯಪ್ಪ ಸ್ವಲ್ಪ ಹೊತ್ತು ಕಾದು, ತಮಟೆ ಹೆಗಲಿಗೇರಿಸಿ ತನ್ನವರನ್ನೆಲ್ಲಾ ಕರೆದುಕೊಂಡು ಹೊರಟೇಬಿಟ್ಟ.

ದೊರೆಸಾನಿ ಓಡಿಬಂದು, ಇನ್ನೊಂದು ಆಟ ಬಾಕಿಯಿತ್ತಲ್ಲ, ಯಾಕೆ ಹೋದರು ಎಂದು ಕೇಳಿದಳು.

"ಅವರಿಗೆ ದಣಿವಾಗಿದೆ, ಮೇಡಂ," ಎಂದ ಗುಮಾಸ್ತ ಇಂಗ್ಲಿಷಿನಲ್ಲಿ.

"ಸುಳ್ಳು!" ಎಂದು ಕೂಗಿದೆ. ಅಷ್ಟರಲ್ಲಿ ಮಿಲಿಟರಿ ಬ್ಯಾಂಡು ಶುರುವಾಗಿತ್ತು. ಅವಳು ಕಿವಿಯತ್ತ ಬೆರಳು ತೋರಿಸಿ, ಏನೂ ಕೇಳಿಸುತ್ತಿಲ್ಲವೆಂದು ನಕ್ಕಳು.