ಪರದೆ ಹಿಂದಿನ ರೊಟ್ಟಿ

ಸರಕಾರ ನೆರವು ಕೊಡಲು ಬಂದಿತ್ತು. ಬೇಡವೆಂದು ಸಹಿ ಹಾಕಿ ಕಳಿಸಿದವಳು ನಾನೇ. ನಡೆದದ್ದು ಇಷ್ಟೇ. ಉಳಿದದ್ದು ನನ್ನ ಜಾಣತನದ ಕಥೆ.

(ಕೊರೊನಾ ಹೋದಮೇಲೆ ನಮ್ಮಂಥವರನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ ಎಂದು ಪೇಪರಿನ ಇದೇ ಅಂಕಣದಲ್ಲಿ ಎಷ್ಟು ವಾರ ಹೇಳಿ ಬರೆಸಿ ಬೈದಿದ್ದೇನೆ! ಆ ಪೇಪರುಗಳನ್ನು ಯಾರಾದರೂ ಇಟ್ಟುಕೊಂಡಿದ್ದರೆ ಭಜಿ ಕಟ್ಟಲು ಬಳಸಿಬಿಡಿ.)

ನಿಡಗುಂದಿಯಿಂದ ಆಲಮಟ್ಟಿಗೆ ಹೋಗುವ ದಾರಿಯಲ್ಲಿ ನನ್ನ ಖಾನಾವಳಿ ಇರುವುದು ನಿಮಗೆ ಗೊತ್ತೇ ಇದೆ. ಮೊದಲೆಲ್ಲ ಬಾಗೇವಾಡಿ ನೋಡಿ ಡ್ಯಾಂ ಕಡೆ ಹೊರಟ ಪ್ರವಾಸಿ ಬಸ್ಸುಗಳು ಮಧ್ಯಾಹ್ನ ನಮ್ಮ ಮುಂದೆ ನಿಲ್ಲುತ್ತಿದ್ದವು. ರೋಗ ಬಂತು, ಬಸ್ಸು ಬಂದಾದವು. ರೋಗ ಹೋಯಿತು, ಬಸ್ಸು ಮತ್ತೆ ಹೊರಟವು. ಆದರೆ ನಮ್ಮಲ್ಲಿ ನಿಲ್ಲುವ ರೂಢಿ ತಪ್ಪಿತ್ತು. ಹಾರ್ನ್ ಕೇಳಿದಾಗಲೆಲ್ಲ ನಾನೂ ಸೊಸೆ ಮಹಾದೇವಿಯೂ ಬಾಗಿಲಿಗೆ ಓಡುವುದು, ಬಸ್ಸಿನ ಬೆನ್ನು ನೋಡಿ ಒಳಗೆ ಬರುವುದು.

ಪ್ರವಾಸೋದ್ಯಮ ಮತ್ತೆ ಎದ್ದು ನಿಲ್ಲಲೆಂದು ಈಗ ಒಂದು ಯೋಜನೆ ಬಂದಿದೆ. ಅಧಿಕಾರಿಗಳು ನೋಡಿ ಒಪ್ಪಿದರೆ ಬೋರ್ಡು, ಪಾಯಖಾನೆ, ಎಲ್ಲಕ್ಕಿಂತ ಮುಖ್ಯವಾಗಿ ಬಸ್ಸಿನವರಿಗೆ ಕೊಡುವ ಪಟ್ಟಿಯಲ್ಲಿ ಹೆಸರು. ಹೆಸರು ಬಂದರೆ ಬಸ್ಸು ನಿಲ್ಲುತ್ತದೆ. ಬಾರದಿದ್ದರೆ ಖಾನಾವಳಿಗೆ ಕೀಲಿ.

"ದೊಡ್ಡ ಮಂದಿ ಬರಾಕತ್ತಾರ. ರೊಟ್ಟಿ ಪುಟ್ಟಿ ಒಳಗ ಇಡು," ಎಂದೆ.

"ರೊಟ್ಟಿ ಒಳಗಿಟ್ಟು ಮತ್ತೇನ್ ಕೊಡ್ತೀರಿ ಅತ್ತಿ?"

"ನೂಡಲ್ಸ್."

"ಮಾಡಾಕ ಬರ್ತೈತೇನ್ರಿ?"

"ಶಾವಿಗಿ ಬರ್ತೈತಿಲ್ಲ? ಅದರ ತಮ್ಮ ಅದು."

ಒಲೆ ಕಾಣದಂತೆ ಹಳೆಯ ಸೀರೆಯನ್ನೇ ಪರದೆ ಕಟ್ಟಿದೆ. ಮೇಜಿನ ಮೇಲೆ ಟಿಶ್ಯೂ ಪೇಪರ್. ಪ್ಲೇಟಿನಲ್ಲಿ ನೂಡಲ್ಸ್. (ಚಮಚ ಎತ್ತಿದರೆ ಪ್ಲೇಟೂ ಜೊತೆಗೆ ಏಳುತ್ತಿತ್ತು.)

ಬಂದ ಮೇಡಂ ಬೆಂಗಳೂರಿನ ಕಡೆಯವರು, ಮಾತು ಮೆತ್ತಗೆ. "ಅಜ್ಜಿ, ಇಲ್ಲಿನ ಊಟ ಏನು ಸಿಗುತ್ತೆ? ಜೋಳದ ರೊಟ್ಟಿ ಮಾಡ್ತೀರಾ?"

"ಛೇ ಛೇ, ಅದೆಲ್ಲ ಬಿಟ್ಟೇವ್ರಿ ಮೇಡಂ. ಈಗ ಎಲ್ಲಾ ಮಾಡರ್ನ್."

ಅಷ್ಟರಲ್ಲಿ ಪರದೆ ಹಿಂದೆ ಟಪ್ ಟಪ್ ಟಪ್.

"ಅದೇನು ಸದ್ದು?"

"ಸೊಸಿ ಅರಿವಿ ಒಗ್ಯಾಕತ್ತಾಳ್ರಿ."

"ಅಡುಗೆಮನೇಲಾ?"

"ನಮ್ಮ ಕಡೆ ಹಂಗರೀ."

ಮೇಡಂ ಹಾಳೆಯ ಮೇಲೆ ಏನೋ ಬರೆದು ಮುಂದಿಟ್ಟರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಸಹಿ ಮಾಡುವುದೆಂದರೆ ಹಬ್ಬ. ಓದುವ ಪುರಸೊತ್ತು ಯಾರಿಗಿದೆ? ಸಹಿ ಹಾಕಿದೆ. ಕೆಳಗೆ ಚೆಂದಕ್ಕೆ ಒಂದು ಗೆರೆಯನ್ನೂ ಎಳೆದೆ.

ಆಗ ಪರದೆ ಸರಿಸಿಕೊಂಡು ಹೊರಬಂದವನು ಅವರ ಜೀಪಿನ ಡ್ರೈವರ್. ನಮ್ಮ ಸಿಂದಗಿ ಕಡೆಯ ಮನುಷ್ಯ. ಮೀಸೆಗೆ ಶೇಂಗಾ ಚಟ್ನಿ.

"ಮೇಡಂ, ನೀವು ಉಣ್ಣಲಿಲ್ಲೇನ್ರಿ? ಬಿಸಿ ರೊಟ್ಟಿ, ಎಣ್ಣೆಗಾಯಿ! ಹಿಂದಿನ ಬಾಗಿಲಿಗೆ ಹೋಗಿ ಕೇಳಿದ್ನಿ. ಅಕ್ಕಾರು ಸಾಕಂದ್ರೂ ಬಿಡಲಿಲ್ಲ."

ಮೇಡಂ ಅವನ ಮೀಸೆ ನೋಡಿದರು. ನನ್ನ ನೂಡಲ್ಸ್ ನೋಡಿದರು. ಆಮೇಲೆ ನನ್ನನ್ನು.

"ಅಜ್ಜಿ, ಈ ಯೋಜನೆ ಇರೋದೇ ಇಲ್ಲಿನ ಊಟ ಬಡಿಸೋರಿಗೆ. ನೂಡಲ್ಸ್ ತಿನ್ನೋಕೆ ಆಲಮಟ್ಟಿ ತನಕ ಯಾರು ಬರ್ತಾರೆ?"

ಹಾಳೆ ತೋರಿಸಿದರು. 'ಸ್ಥಳೀಯ ಊಟ: ಇಲ್ಲ.' ಅದರ ಕೆಳಗೆ ನನ್ನ ಸಹಿ, ಗೆರೆ ಸಮೇತ.

"ತಿದ್ದಿ ಬರಕೋರಿ ಮೇಡಂ."

"ಸಹಿ ಆದ ಹಾಳೆ ತಿದ್ದೋ ಹಾಗಿಲ್ಲ. ನಾಳೆ ಬೆಳಿಗ್ಗೆ ಇದೇ ದಾರೀಲಿ ವಾಪಸ್ ಹೋಗ್ತೀನಿ. ಹೊಸ ಹಾಳೆ ಉಳಿದಿದ್ರೆ, ಟೈಮ್ ಇದ್ರೆ ನೋಡೋಣ. ಮಾತು ಕೊಡಲ್ಲ."

ಜೀಪು ಹೋಯಿತು. ಮಹಾದೇವಿ ಪರದೆಯಾಗಿದ್ದ ಸೀರೆ ತೋರಿಸಿ, "ಇದನ್ನೂ ಒಗೀಲೇನ್ರಿ ಅತ್ತಿ?" ಎಂದಳು.

ನಾವೇಕೆ ಹೀಗೆ? ಬೀಗರು ಬಂದರೆ ಮನೆಯಲ್ಲಿ ಹೊಲಿದ ಬೆಚ್ಚನೆಯ ಕೌದಿ ಅಡಗಿಸಿ, ಅಂಗಡಿಯ ಚಾದರ ಹಾಸುತ್ತೇವೆ. ಅವರು ರಾತ್ರಿಯೆಲ್ಲ ಚಳಿಯಲ್ಲಿ ಮುದುಡುತ್ತಾರೆ. ಲಾಕ್‌ಡೌನಿನಲ್ಲಿ ದವಾಖಾನೆಯಲ್ಲಿದ್ದವರ ಮನೆಯವರಿಗೆ ನಾವು ಬುತ್ತಿ ಕಟ್ಟಿ ಕಳಿಸಿದ್ದು ಇದೇ ರೊಟ್ಟಿಯನ್ನೇ. ಆಗ ನಾಚಿಕೆ ಇರಲಿಲ್ಲ. ಜೀಪು ಬಂದು ನಿಂತೊಡನೆ ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದೆ. ಸೀರೆ ಬಿಚ್ಚಿದೆ. ರಸ್ತೆಯ ಬದಿಗೇ ಮೂರು ಕಲ್ಲು ಹೂಡಿ ಒಲೆ ಹಚ್ಚಿ, ರೊಟ್ಟಿ ಹಿಟ್ಟಿನ ಪರಾತ ಎಳೆದುಕೊಂಡು ಕುಳಿತೆ. ಜೀಪು ನಿಲ್ಲಲಿ ಬಿಡಲಿ, ಈ ಅರಿವಿ ಒಗೆಯುವ ಸದ್ದು ಆಲಮಟ್ಟಿ ಡ್ಯಾಮಿನ ತನಕ ಕೇಳಬೇಕು, ಹಾಗೆ ತಟ್ಟಿದೆ.