ಅಮ್ಮನ ಎರಡು ಜಡೆ

ದೆವ್ವ, ಭೂತ, ಸತ್ತವರು ಬಂದುಹೋಗುವುದು, ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ಮುಖಕ್ಕೆ ಹೊಡೆದ ಹಾಗೆ "ಸುಮ್ನೆ ಕೂತ್ಕೊಳ್ರೀ" ಎಂದುಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು, ಬಾಯಿ ಬೇರೆ ಜೋರು. ಈಗಲೂ ನಂಬುತ್ತೇನೆಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ದಯವಿಟ್ಟು ನನಗೂ ತಿಳಿಸಿ.

ಮೂಡಲಪಾಳ್ಯದ ಮನೆಯಲ್ಲಿ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಮರೆವಿನ ಕಾಯಿಲೆ. ನಾನು ಅವಳ ಮಗಳೆಂಬುದೇ ಅವಳಿಗೆ ನೆನಪಿಲ್ಲ. ಅದನ್ನಾದರೂ ತಡೆದುಕೊಂಡೇನು, ಆದರೆ ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಕೈ ಮುರಿದಾಗಿನಿಂದ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ತಾನೇ ಬಾಚಿಕೊಳ್ಳಲಾರಳು. ನಾನು ಬಾಚಣಿಗೆ ತಂದರೆ ಅಕ್ಕಪಕ್ಕದವರು ಓಡಿಬರುವಷ್ಟು ಕಿರುಚಾಟ. ಕೂದಲೆಲ್ಲ ಗಂಟುಗಟ್ಟಿ ಅಡಿಯಲ್ಲಿ ಹುಣ್ಣಾಗಿತ್ತು. ಪೂರ್ತಿ ಕತ್ತರಿಸಿಬಿಡಿ ಎಂದರು ಡಾಕ್ಟರು. ಮಂಡಿಯವರೆಗೆ ಜಡೆ ಇದ್ದ ಹೆಂಗಸು ಅವಳು. ನನಗೆ ಮನಸ್ಸು ಬರಲಿಲ್ಲ.

"ಹೀಗೇ ಇದ್ರೆ ನೀನೂ ಹಾಸಿಗೆ ಹಿಡೀತೀಯ ಕಣೇ. ಎರಡು ದಿನ ಆರಾಮಾಗಿ ಇದ್ದು ಬರೋಣ" ಎಂದು ನಮ್ಮ ಯಜಮಾನರು ಮೂವರನ್ನೂ ಪಾಂಡಿಚೇರಿಗೆ ಹೊರಡಿಸಿದರು.

ಊರೇನೋ ಚೆನ್ನಾಗಿತ್ತು. ಫ್ರೆಂಚರ ಕಾಲದ ಹಳದಿ ಗೋಡೆಯ ಮನೆಗಳು, ಕಾಂಪೌಂಡಿನಿಂದ ಆಚೆ ಬಾಗಿದ ಕಾಗದದ ಹೂವಿನ ಬಳ್ಳಿ, ದಡದುದ್ದಕ್ಕೂ ಕಪ್ಪು ಬಂಡೆಗಳು. ಮೊದಲ ದಿನ ಅಮ್ಮ ಸಮುದ್ರದ ಎದುರು ಬೆಂಚಿನ ಮೇಲೆ ತೆಪ್ಪಗೆ ಕೂತಳು. ಎಷ್ಟೋ ತಿಂಗಳ ಮೇಲೆ ನಾನು ಕಾಫಿಯನ್ನು ಆರುವ ಮುಂಚೆ ಕುಡಿದೆ.

ಮಾರನೆಯ ದಿನ ಮಧ್ಯಾಹ್ನ ಅಮ್ಮನನ್ನು ಅದೇ ಬೆಂಚಿನ ಮೇಲೆ ಕೂರಿಸಿ ನಾನು ಎಳನೀರು ತರಲು ಹೋಗಿದ್ದೆ. ಯಜಮಾನರಿಗೆ ಫೋನು ಬಂತು, ಮಾತಾಡುತ್ತಾ ಸ್ವಲ್ಪ ಆಚೆ ಹೋಗಿದ್ದಾರೆ. ತಿರುಗಿ ನೋಡಿದರೆ ಬೆಂಚು ಖಾಲಿ.

"ಈಗಿನ್ನೂ ಇಲ್ಲೇ ಇದ್ರು ಕಣೇ..."

"ಆ ಫೋನನ್ನ ಮೊದ್ಲು ಸಮುದ್ರಕ್ಕೆ ಎಸೀರಿ!" ಎಂದು ಅರಚಿದೆ.

ಬಂಡೆಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ನೋಡಿದೆ. ನೀರಿನಲ್ಲಿ ಏನಾದರೂ ತೇಲಿದರೆ ಜೀವ ಬಾಯಿಗೆ ಬರುತ್ತಿತ್ತು. ನಮ್ಮೂರಿನ ಶ್ರೀರಾಮಪುರದ ತರಕಾರಿಯವರಿಂದ ಕಲಿತ ಹರಕುಮುರುಕು ತಮಿಳಿನಲ್ಲಿ ಕಂಡಕಂಡವರನ್ನು ಕೇಳಿದೆ, ಕೆಂಪು ಟೋಪಿಯ ಪೊಲೀಸರನ್ನೂ ಕೇಳಿದೆ. ಕೆದರಿದ ತಲೆ, ಗಂಟುಗಟ್ಟಿದ ಬಿಳಿ ಕೂದಲು, ಅದನ್ನೇ ಗುರುತಾಗಿ ಹೇಳಿದೆ. ಯಜಮಾನರು ಒಂದು ಕಡೆ, ನಾನು ಒಂದು ಕಡೆ ಓಡಿದೆವು. ಒಂದು ಬೀದಿಯಲ್ಲಿ ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಯಾರೋ ಮುದುಕಿ ಬೆನ್ನು ಮಾಡಿ ಕೂತಿದ್ದಳು. ಸ್ಕೂಲು ಹುಡುಗಿಯ ಹಾಗೆ ಮಡಚಿ ಕಟ್ಟಿದ ಎರಡು ಜಡೆ, ಕೆಂಪು ಟೇಪು. ನನ್ನ ಕಣ್ಣು ಕೆದರಿದ ತಲೆಯನ್ನು ಹುಡುಕುತ್ತಿತ್ತು. ಸೀರೆಯ ಬಣ್ಣವನ್ನೂ ನೋಡದೆ ದಾಟಿ ಹೋದೆ.

ಹೊತ್ತು ಇಳಿಯಿತು. ಮತ್ತೆ ಅದೇ ಬೀದಿಗೆ ಬಂದು ನಿಂತೆ. ನನ್ನ ಗುರುತು ಸಿಗದಿದ್ದರೆ ಬೇಡ, ಹೊಡೆದರೂ ಸರಿ, ಜೀವಂತ ಸಿಕ್ಕರೆ ಸಾಕು ದೇವರೇ ಎಂದು ನಡುರಸ್ತೆಯಲ್ಲಿ ಗೊಳೋ ಎಂದು ಅತ್ತುಬಿಟ್ಟೆ.

"ಏ ಹುಡುಗಿ, ಯಾಕೆ ಅಳ್ತಿದೀಯ?"

ಕನ್ನಡ! ಮೆಟ್ಟಿಲ ಮೇಲಿದ್ದ ಮುದುಕಿ ತಿರುಗಿ ನೋಡುತ್ತಿದ್ದಳು. ಅಮ್ಮ.

ತಬ್ಬಿಕೊಂಡೆ. ತಲೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಒಂದೇ ಒಂದು ಗಂಟು ಇರಲಿಲ್ಲ. ಯಾರಮ್ಮ ಬಾಚಿದ್ದು ಎಂದು ಕೇಳಿದೆ.

"ಇನ್ಯಾರು, ನಮ್ಮಕ್ಕ. ದೀಪ ಹಚ್ಚೋ ಹೊತ್ತಲ್ಲಿ ತಲೆ ಬಾಚಬಾರ್ದು, ಬೇಗ ಬಗ್ಗು ಅಂತ ಬೈತಾನೇ ಇದ್ಲು. ನೋವೇ ಆಗ್ಲಿಲ್ಲ ನೋಡು."

ಅವಳಕ್ಕ, ನಮ್ಮ ಸರೋಜ ದೊಡ್ಡಮ್ಮ, ನಾನು ಹುಟ್ಟುವ ಮುಂಚೆಯೇ ಜ್ವರ ಬಂದು ತೀರಿಕೊಂಡವಳು. ಚಿಕ್ಕಂದಿನಲ್ಲಿ ಅಮ್ಮನಿಗೆ ಜಡೆ ಹಾಕುತ್ತಿದ್ದದ್ದು ಅವಳೇ. ಅಮ್ಮನ ನೆತ್ತಿಯ ಸುಟ್ಟ ಕಲೆ ಕಾಣಬಾರದೆಂದು ಓರೆ ಬೈತಲೆ ತೆಗೆಯುತ್ತಿದ್ದಳೆಂದು ಅಮ್ಮ ನೆನಪಿದ್ದ ಕಾಲದಲ್ಲಿ ಹೇಳುತ್ತಿದ್ದಳು. ಆವತ್ತೂ ಬೈತಲೆ ಓರೆಯಾಗಿತ್ತು, ಕಲೆ ಮುಚ್ಚಿತ್ತು.

ಎದುರಿನ ಇಸ್ತ್ರಿ ಅಂಗಡಿಯ ಹೆಂಗಸನ್ನು ವಿಚಾರಿಸಿದೆ. ಅಜ್ಜಿ ಒಬ್ಬರೇ ಕೂತು ಮಾತಾಡಿಕೊಳ್ಳುತ್ತಿದ್ದರು, ಹತ್ತಿರ ಯಾರೂ ಬರಲಿಲ್ಲ ಎಂದಳು.

"ಯಾರೋ ಪುಣ್ಯಾತ್ಗಿತ್ತಿ ಬಾಚಿರ್ತಾಳೆ ಬಿಡು, ಅತ್ತೆ ಸಿಕ್ರಲ್ಲ" ಎಂದರು ಯಜಮಾನರು. ಇರಬಹುದು. ಡಾಕ್ಟರು ಕೈಬಿಟ್ಟಿದ್ದ ಗಂಟನ್ನು ಒಂದೇ ಮಧ್ಯಾಹ್ನದಲ್ಲಿ ಬಿಡಿಸಿದಳೇ? ಅಮ್ಮ ಕಿರುಚದೆ ಕೂತಳೇ? ಆ ಪುಣ್ಯಾತ್ಗಿತ್ತಿಗೆ ನೆತ್ತಿಯ ಕಲೆಯ ವಿಷಯ ಹೇಳಿದವರಾದರೂ ಯಾರು?

ಮನೆಗೆ ಬಂದ ಮೇಲೆ ಜಡೆ ಕೆಲವು ದಿನ ನಿಂತಿತು. ಆಮೇಲೆ ಸಡಿಲವಾಯಿತು, ಮತ್ತೆ ಗಂಟುಗಟ್ಟತೊಡಗಿತು. ಎಣ್ಣೆ ತೆಗೆದುಕೊಂಡು ಹತ್ತಿರ ಹೋದರೆ ಅದೇ ಕಿರುಚಾಟ. ಕಾಲು ಹಿಡಿದೆ, ಬೈದೆ, ಎದುರು ಕೂತು ಅತ್ತೆ. "ನೀನ್ಯಾರಮ್ಮ? ನನ್ನ ತಲೆ ನಮ್ಮಕ್ಕ ಬಾಚ್ತಾಳೆ" ಎಂದಳು.

ಈಗ ದಿನಾ ದೀಪ ಹಚ್ಚುವ ಮುಂಚೆ ಬಾಚಣಿಗೆ, ಎಣ್ಣೆ ಬಟ್ಟಲು ಎದುರಿಗಿಟ್ಟು ಮುಂಬಾಗಿಲು ತೆರೆದು ಕೂರುತ್ತೇನೆ. ಅಕ್ಕ ಬಂದಳಾ ಎಂದು ಅಮ್ಮ ಕೇಳುತ್ತಾಳೆ. ಬರ್ತಾಳೆ ಇರು ಅನ್ನುತ್ತೇನೆ. ಮುದುಕಿಯ ಸಮಾಧಾನಕ್ಕೆ ಹಾಗೆ ಹೇಳುತ್ತೇನೆಂದು ಯಜಮಾನರು ತಿಳಿದಿದ್ದಾರೆ. ನಾನು ರಸ್ತೆಯ ಕಡೆ ನೋಡುತ್ತಲೇ ಇರುತ್ತೇನೆ.