ನೀಲಾ ಕೂಡಿಟ್ಟ ಕೂದಲು

ಮೊದಲು ತಲೆನೋವು. ಬೆಟಗೇರಿಯ ಶಾಲೆಯಿಂದ ಬಂದವಳೇ ಮಲಗಿಬಿಟ್ಟೆ. ಆಮೇಲೆ ಜ್ವರ, ಇಳಿಯದ ಜ್ವರ. ಗದಗಿನ ಡಾಕ್ಟರು ಟೈಫಾಯ್ಡ್ ಎಂದರು. ಮೂರು ವಾರ ಗಂಜಿಯ ತಿಳಿಯೇ ಊಟ. ಜ್ವರ ಬಿಟ್ಟ ಮೇಲೆ ಅವ್ವ ನನ್ನ ತಲೆ ಬಾಚಲು ಕುಳಿತಳು.

ಹಣಿಗೆಯ ಜೊತೆ ಕೂದಲೂ ಕಿತ್ತು ಬಂತು.

ಉಳಿದ ನಾಲ್ಕೆಳೆಯನ್ನೂ ಬೋಳಿಸಿದರು. "ಜೀವ ಉಳದೈತಿ. ಕೂದ್ಲ ಮತ್ತ ಬರ್ತಾವ," ಎಂದರು ಡಾಕ್ಟರು. ಅವರಿಗೇನು, ಹೇಳುತ್ತಾರೆ! ನನಗೆ ಹದಿನಾಲ್ಕು ವರ್ಷ. ಓಣಿಯವರ ಕಣ್ಣು ತಪ್ಪಿಸಲೆಂದು ಅವ್ವ ನನ್ನನ್ನು ಬೇಸಿಗೆ ರಜೆಗೆ ಲಕ್ಷ್ಮೇಶ್ವರಕ್ಕೆ, ತನ್ನ ಅಕ್ಕನ ಮನೆಗೆ ಕಳಿಸಿದಳು.

ಅಲ್ಲಿ ದೊಡ್ಡವ್ವನ ಮಗಳು ನೀಲಾ. ನನ್ನದೇ ವಯಸ್ಸು. ಮೊಣಕಾಲು ಮುಟ್ಟುವ ಹೆರಳು.

ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಪಡಸಾಲೆಯಲ್ಲಿ ದೊಡ್ಡಪ್ಪ ಮತ್ತು ಅವರ ಗೆಳೆಯರು ಕನ್ನಡನಾಡು ಒಂದಾಗುತ್ತದೋ ಇಲ್ಲವೋ ಎಂದು ದಿನವೂ ವಾದಿಸುತ್ತಿದ್ದರು. ನನಗೆ ಆ ಹೆರಳೊಂದೇ ಕಾಣುತ್ತಿತ್ತು. ದೊಡ್ಡವ್ವ ಅದಕ್ಕೆ ಮಲ್ಲಿಗೆ ಮೊಗ್ಗು ಹೊಲಿದ ದಿನ ನನಗೂ ಒಂದು ಮಾಲೆ ಕೊಟ್ಟಳು. ಎಲ್ಲಿ ಮುಡಿಯಲಿ? ತಲೆಗೆ ಕಟ್ಟಿದ ವಸ್ತ್ರವನ್ನು ಇನ್ನಷ್ಟು ಬಿಗಿದು ಹಿತ್ತಲಿಗೆ ಹೋಗಿ ಅತ್ತೆ.

ನೀಲಾ ತಲೆ ಬಾಚಿದ ಮೇಲೆ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಸಣ್ಣ ಚೀಲಕ್ಕೆ ತುಂಬಿ ಗೋಡೆಯ ಮಾಡದಲ್ಲಿಡುತ್ತಿದ್ದಳು. ಕೂದಲಿಗೆ ಬದಲು ಸೂಜಿ, ಪಿನ್ನು ಕೊಡುವ ಹೆಂಗಸು ಬಂದರೂ ಕೊಡಲಿಲ್ಲ. ಉದುರಿದ್ದರ ಮೇಲೂ ಇಷ್ಟು ಸೊಕ್ಕೇ ಎಂದು ನನಗೆ ಮೈಯೆಲ್ಲ ಉರಿಯಿತು. ಒಂದು ಬೆಳಿಗ್ಗೆ ಆ ಚೀಲವನ್ನು ಬಚ್ಚಲ ಒಲೆಗೆ ಹಾಕಿದೆ.

ಮನೆಯೆಲ್ಲ ಸುಟ್ಟ ಕೂದಲಿನ ನಾತ.

ನೀಲಾ ಓಡಿಬಂದಳು. "ಎಂಥಾ ಕೆಲ್ಸ ಮಾಡಿದ್ಯಲೇ ಶಾಂತಾ! ನಿನಗ ಚವರಿ ಮಾಡಸಾಕಂತ ಕೂಡಿಸಿಟ್ಟಿದ್ನಿ."

ಚವರಿ ಎಂದರೆ ಗಿಡ್ಡ ಕೂದಲಿಗೆ ಜೋಡಿಸಿ ಹೆರಳು ಉದ್ದ ಮಾಡುವ ಕೂದಲ ಗೊಂಚಲು. ನನ್ನ ಕೂದಲು ತುಸು ಬೆಳೆದ ಕೂಡಲೇ ಕೊಡಬೇಕೆಂದಿದ್ದಳಂತೆ.

"ನಿನ್ನ ಹೆರಳ ನೋಡಿ ಹೊಟ್ಟಿ ಉರೀತಿತ್ತು. ಅದಕ್ಕ ಸುಟ್ನಿ," ಎಂದೆ. ಬೇರೆ ಏನು ಹೇಳಲಿ?

ಎರಡು ದಿನ ಅವಳು ಮಾತು ಬಿಟ್ಟಳು. ಟೈಫಾಯ್ಡಿನಲ್ಲೂ ನಾನು ಅಷ್ಟು ಸಂಕಟಪಟ್ಟಿರಲಿಲ್ಲ. ಮೂರನೆಯ ದಿನ ಎಣ್ಣೆಯ ಬಟ್ಟಲು ಹಿಡಿದು ಬಂದಳು.

"ಬಾ, ಕುಂಡ್ರು." ನನ್ನ ತಲೆವಸ್ತ್ರ ಬಿಚ್ಚಿದಳು. ಆ ಮನೆಯಲ್ಲಿ ಯಾರಿಗೂ ನಾನು ಬೋಳುತಲೆ ತೋರಿಸಿರಲಿಲ್ಲ. ನೆತ್ತಿಗೆ ಎಣ್ಣೆ ತಟ್ಟುತ್ತ, "ಹುಚ್ಚಿ, ಮುಳ್ಳಮುಳ್ಳಗೆ ಬಂದಾವ ನೋಡು," ಎಂದು ನಕ್ಕಳು. "ಇವತ್ತಿಂದ ಮತ್ತ ಕೂಡಸ್ತೀನಿ."

"ಬ್ಯಾಡ," ಎಂದೆ. "ಗುಡಿಗೆ ನನ್ ಜೋಡಿ ಬಾ. ಹಿಂಗ ಹೋಗೂಣು."

ಆ ಸಂಜೆ ಸೋಮೇಶ್ವರನ ಗುಡಿಗೆ ಬರಿತಲೆಯಲ್ಲೇ ಹೋದೆ. ಹೆಂಗಸರು ನೋಡಿದರು. ನೋಡಲಿ. ನೀಲಾ ಕೈ ಬಿಡಲಿಲ್ಲ.

ಈಗ ಶಾಲೆ ಶುರುವಾಗಿದೆ. ಕೂದಲು ಇನ್ನೂ ಕಿವಿ ಮುಚ್ಚಿಲ್ಲ. ಅವಳ ಹೆರಳು ನೆನಪಾದರೆ ಈಗಲೂ ಒಂದಿಷ್ಟು ಹೊಟ್ಟೆ ಉರಿಯುತ್ತದೆ. ಆದರೆ ಊರಿಗೆ ಹೊರಡುವಾಗ ನನ್ನ ತಲೆವಸ್ತ್ರವನ್ನು ಮಡಚಿ, ಆ ಚೀಲವಿದ್ದ ಮಾಡದಲ್ಲೇ ಇಟ್ಟು ಬಂದೆ.